ಪರಿಹಾರದ ಅರ್ಜಿಗಳಲ್ಲಿ ಸಿಕ್ಕ ಅಜ್ಜಂದಿರು

ಕಳೆದ ಮಳೆಗಾಲದಲ್ಲಿ ಒಂದು ದಿನ ಅಸರ್ ನಮಾಝಿನ ಬಳಿಕ ನಮ್ಮ ಮಹಲ್ಲಿನ ವಯಸ್ಸಾದ ತಾಯಿಯೊಬ್ಬರು ಮೊಮ್ಮಗಳನ್ನು ಕರೆದುಕೊಂಡು ಮಸೀದಿಯ ಆಫೀಸಿನ ಬಾಗಿಲಿಗೆ ಬಂದರು. ಗಂಡ ತೀರಿಕೊಂಡು ಇದ್ದತ್ ಮುಗಿದಿತ್ತು. ಅವರು ಸರಕಾರಿ ಕೆಲಸದಿಂದ ನಿವೃತ್ತರಾದವರು. ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದರೆ, ಮದುವೆಗೆ ದಾಖಲೆ ತನ್ನಿ ಎಂದಿದ್ದಾರಂತೆ.

"ಉಸ್ತಾದ್, ನಮ್ಮ ನಿಕಾಹ್ ಆದದ್ದು ಇದೇ ಮಸೀದಿಯಲ್ಲಿ. ಆಗಿನ ಖತೀಬರು ದೊಡ್ಡ ಪುಸ್ತಕದಲ್ಲಿ ಬರೆದದ್ದು ನನಗೆ ನೆನಪಿದೆ. ಅದೊಂದು ಸಿಕ್ಕಿದರೆ ಸಾಕು" ಎಂದರು.

ದೊಡ್ಡ ಪುಸ್ತಕ ಸಿಕ್ಕಿತು. ಆದರೆ ಕಪಾಟಿನ ಕೆಳಗಿನ ಹಲಗೆಯಿಂದ ಗೆದ್ದಲು ಹತ್ತಿ ಪುಟಗಳ ಬಲಭಾಗವನ್ನೆಲ್ಲ ತಿಂದಿತ್ತು. ವರನ ಹೆಸರು ಇದೆ, ಅವನ ತಂದೆಯ ಹೆಸರು ಅರ್ಧ ಇದೆ, ವಧುವಿನ ಹೆಸರು ಇರಬೇಕಾದ ಜಾಗದಲ್ಲಿ ಮಣ್ಣು. ಆ ತಾಯಿ ಆ ಪುಟವನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಹಾಗಾದರೆ ನಾನು ಅವರ ಯಾರು ಅಂತ ಹೇಳುವುದು ಹೇಗೆ?" ಎಂದು ಕೇಳಿದರು. ನನ್ನಲ್ಲಿ ಆ ಕ್ಷಣಕ್ಕೆ ಉತ್ತರ ಇರಲಿಲ್ಲ. ದಫ್ತರನ್ನು ಕಾಯಬೇಕಾದವನು ನಾನೇ ತಾನೇ.

ಆ ವಾರದ ಜುಮಾ ಖುತ್ಬಾದಲ್ಲಿ ನಾನು ಸೂರಃ ಅಲ್ ಬಕರದ 282ನೇ ಆಯತ್ತಿನ ಬಗ್ಗೆ ಮಾತಾಡಿದೆ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಆಯತ್ತು ಅದು. ಅದರ ವಿಷಯ ಸ್ವರ್ಗವೂ ಅಲ್ಲ, ನರಕವೂ ಅಲ್ಲ, ಸಾಲವನ್ನು ಬರೆದಿಡುವುದು. ಬರೆಯುವವನು ನ್ಯಾಯದಿಂದ ಬರೆಯಬೇಕು, ಸಾಕ್ಷಿಗಳಿರಬೇಕು, ಕರೆದಾಗ ಸಾಕ್ಷಿಗಳು ಬರಲು ನಿರಾಕರಿಸಬಾರದು, ಮೊತ್ತ ಚಿಕ್ಕದೆಂದು ಬರೆಯಲು ಬೇಸರಿಸಬಾರದು ಎಂದೆಲ್ಲ ಅಲ್ಲಾಹನು ಅಲ್ಲಿ ಕಲಿಸುತ್ತಾನೆ. ಖುತ್ಬಾದ ಸಾರಾಂಶ ಇದೇ ಸಂಚಿಕೆಯಲ್ಲಿದೆ. ಅಂದು ಸಮಯದ ಅಭಾವದಿಂದ ಎರಡು ಮಾತಿನಲ್ಲಿ ಮುಗಿಸಿದ ಒಂದು ಇತಿಹಾಸವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಅದು ಅಮೆರಿಕದ್ದು. ನೂರೈವತ್ತು ವರ್ಷಗಳ ಹಿಂದೆ ಅಲ್ಲಿನ ಸಾವಿರಾರು ವಿಧವೆಯರಿಗೆ ಸರಕಾರ ಕೇಳಿದ್ದೂ ಇದನ್ನೇ: ನೀನು ಅವನ ಯಾರು? ಅವರ ಬಳಿ ಗೆದ್ದಲು ತಿಂದ ಪುಸ್ತಕವೂ ಇರಲಿಲ್ಲ. ಅವರ ಮದುವೆಗಳನ್ನು ಯಾರೂ ಬರೆದೇ ಇರಲಿಲ್ಲ, ಯಾಕೆಂದರೆ ಅವರು ಗುಲಾಮರಾಗಿದ್ದರು.

ಬಿ.ಎ.ಯಲ್ಲಿ ಇತಿಹಾಸ ಓದುವಾಗ ಅಮೆರಿಕದ ಅಂತರ್ಯುದ್ಧ ನಮಗೆ ಒಂದು ಅಧ್ಯಾಯವಾಗಿತ್ತು. 1861ರಿಂದ 1865ರವರೆಗೆ ಉತ್ತರದ ಮತ್ತು ದಕ್ಷಿಣದ ರಾಜ್ಯಗಳು ಕಾದಾಡಿದವು, ಲಿಂಕನ್ 1863ರ ಜನವರಿ 1ರಂದು ವಿಮೋಚನೆಯ ಘೋಷಣೆ ಹೊರಡಿಸಿದರು, 1865ರ ಡಿಸೆಂಬರಿನಲ್ಲಿ ಸಂವಿಧಾನದ 13ನೇ ತಿದ್ದುಪಡಿ ಜಾರಿಗೆ ಬಂದು ಗುಲಾಮಗಿರಿ ಕೊನೆಗೊಂಡಿತು. ಪರೀಕ್ಷೆಗೆ ಅಷ್ಟು ಸಾಕಿತ್ತು. ಸ್ವತಂತ್ರರಾದ ಸುಮಾರು 40 ಲಕ್ಷ ಜನರ ಮೊಮ್ಮಕ್ಕಳು, ಮರಿಮಕ್ಕಳು ತಮ್ಮ ಅಜ್ಜ ಯಾರು, ಅಜ್ಜಿ ಯಾರು ಎಂದು ಹುಡುಕಲು ಹೊರಟರೆ ಎಲ್ಲಿಗೆ ಹೋಗಬೇಕು ಎಂಬುದು ಪಠ್ಯದಲ್ಲಿ ಇರಲಿಲ್ಲ.

ಅಮೆರಿಕದಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆಯುತ್ತದೆ. 1850 ಮತ್ತು 1860ರ ಗಣತಿಗಳಲ್ಲಿ ಗುಲಾಮರಿಗೆಂದೇ ಬೇರೆ ಹಾಳೆಗಳಿದ್ದವು. ಅದರಲ್ಲಿ ಯಜಮಾನನ ಹೆಸರು ಇರುತ್ತಿತ್ತು. ಅದರ ಕೆಳಗೆ ಸಾಲಾಗಿ: ಗಂಡು, 35, ಕಪ್ಪು, ಹೆಣ್ಣು, 28, ಕಪ್ಪು, ಗಂಡು, 4. ಹೆಸರಿಲ್ಲ. ಜಾನುವಾರುಗಳ ಲೆಕ್ಕದಂತೆ. ಸ್ವತಂತ್ರರಾದ ಬಳಿಕ ನಡೆದ 1870ರ ಗಣತಿಯಲ್ಲೇ ಅವರಲ್ಲಿ ಹೆಚ್ಚಿನವರ ಹೆಸರು ಮೊದಲ ಸಲ ಸರಕಾರದ ಕಾಗದದಲ್ಲಿ ಬಂತು. ಆದ್ದರಿಂದ ಇಂದಿನ ಕರಿಯ ಅಮೆರಿಕನ್ನರು ತಮ್ಮ ವಂಶವನ್ನು ಹುಡುಕುತ್ತಾ ಹಿಂದೆ ಹಿಂದೆ ಹೋದರೆ 1870ಕ್ಕೆ ಬಂದು ನಿಲ್ಲುತ್ತಾರೆ. ಅದರಾಚೆ ಗೋಡೆ. 1976ರಲ್ಲಿ ಅಲೆಕ್ಸ್ ಹೇಲಿಯವರ 'ರೂಟ್ಸ್' ಪ್ರಕಟವಾದ ಮೇಲೆ ಆ ಗೋಡೆಯವರೆಗೆ ಬಂದು ನಿಂತವರು ಲೆಕ್ಕವಿಲ್ಲದಷ್ಟು.

ಗೋಡೆಯಲ್ಲಿ ಒಂದೆರಡು ಕಿಂಡಿಗಳಿವೆ. ವಿಚಿತ್ರವೆಂದರೆ ಅವು ಯಾವುವೂ ನೆನಪನ್ನು ಕಾಪಾಡಲು ಮಾಡಿದ ಕಿಂಡಿಗಳಲ್ಲ. ಎಲ್ಲವೂ ದುಡ್ಡಿನ ವ್ಯವಹಾರ. ಯುದ್ಧದಲ್ಲಿ ಹೋದ ಹಸುವಿಗೆ ಪರಿಹಾರ, ಸತ್ತ ಗಂಡನಿಗೆ ಪಿಂಚಣಿ.

ಮೊದಲು ಹಸುವಿನ ವಿಷಯ.

1864ರ ನವೆಂಬರ್ 15ರಂದು ಉತ್ತರದ ಸೇನಾಪತಿ ಶರ್ಮನ್ ಅಟ್ಲಾಂಟಾದಿಂದ ಹೊರಟು ಜಾರ್ಜಿಯಾ ರಾಜ್ಯವನ್ನು ಹಾದು ಸಮುದ್ರದತ್ತ ನಡೆದರು. ಸೈನಿಕರಿಗೆ ಬೇಕಾದ ಆಹಾರವನ್ನು ದಾರಿಯುದ್ದಕ್ಕೂ ಜನರಿಂದಲೇ ವಸೂಲಿ ಮಾಡಿದರು. ಡಿಸೆಂಬರಿನಲ್ಲಿ ಕರಾವಳಿಯ ಲಿಬರ್ಟಿ ಕೌಂಟಿಗೆ ಅಶ್ವದಳ ನುಗ್ಗಿತು. ಲಿಬರ್ಟಿ ಎಂದರೆ ಸ್ವಾತಂತ್ರ್ಯ. ಆ ಕೌಂಟಿಯ ಜನರಲ್ಲಿ ಹೆಚ್ಚಿನವರು ಗುಲಾಮರು. ಬಿಡುಗಡೆ ಮಾಡಲು ಬಂದ ಸೈನ್ಯವೇ ಅವರ ಕೋಳಿ, ಹಸು, ಕುದುರೆ, ಹಂದಿ, ಭತ್ತ, ಜೋಳ, ಗಾಡಿ ಎಲ್ಲವನ್ನೂ ಕೊಂಡೊಯ್ದಿತು.

ಗುಲಾಮರಿಗೆ ಹಸು, ಕುದುರೆ ಎಲ್ಲಿಂದ ಎಂದು ಓದುಗರು ಕೇಳಬಹುದು. ವಾಷಿಂಗ್ಟನ್ನಿನ ಅಧಿಕಾರಿಗಳೂ ಇದನ್ನೇ ಕೇಳಿದರು. ಜಾರ್ಜಿಯಾ ಮತ್ತು ದಕ್ಷಿಣ ಕೆರೊಲಿನಾದ ಕರಾವಳಿಯ ಭತ್ತದ ತೋಟಗಳಲ್ಲಿ ಪಾಳಿಯ ಬದಲು ಗುತ್ತಿಯ ಪದ್ಧತಿ ಇತ್ತು. ದಿನಕ್ಕೆ ಇಂತಿಷ್ಟು ಜಾಗ ಅಗೆಯಬೇಕು ಅಥವಾ ಕಳೆ ಕೀಳಬೇಕು. ಅದು ಮುಗಿದರೆ ಉಳಿದ ಹೊತ್ತು ಅವರದು. ಆ ಉಳಿದ ಹೊತ್ತಿನಲ್ಲಿ, ಸಂಜೆಗತ್ತಲಲ್ಲಿ, ತಮ್ಮ ತುಂಡು ನೆಲದಲ್ಲಿ ಬೆಳೆದು, ಕೋಳಿ ಸಾಕಿ, ಕೋಳಿ ಮಾರಿ ಕರು ಕೊಂಡು, ಹತ್ತು ಹದಿನೈದು ವರ್ಷಗಳಲ್ಲಿ ಒಂದು ಕುದುರೆಯವರೆಗೆ ಬಂದವರಿದ್ದರು. ಕಾನೂನಿನ ಪ್ರಕಾರ ಗುಲಾಮನಿಗೆ ಸ್ವತ್ತಿಲ್ಲ. ಆದರೆ ಊರಿನಲ್ಲಿ ಯಾರ ಹಸು ಯಾರದೆಂದು ಎಲ್ಲರಿಗೂ ಗೊತ್ತು, ಯಜಮಾನನಿಗೂ ಗೊತ್ತು. ಹಸುವಿನ ಕಿವಿಗೆ ಹಾಕಿದ ಗುರುತು, ನೆರೆಯವರ ಕಣ್ಣು, ಇವೇ ಅವರ ರಿಜಿಸ್ಟ್ರೇಶನ್ ಕಚೇರಿ. (ನಮ್ಮ ಫಿಕ್‌ಹಿನಲ್ಲೂ ಇದು ಚರ್ಚೆಯ ವಿಷಯವಾಗಿತ್ತು. ಮಾಲಿಕೀ ಮದ್‌ಹಬಿನವರು ಗುಲಾಮನಿಗೆ ಸ್ವತ್ತಿನ ಮಾಲಕತ್ವ ಇದೆ ಎಂದರು. ನಾವು ಅನುಸರಿಸುವ ಶಾಫಿಈ ಮದ್‌ಹಬಿನ ಪ್ರಬಲ ಅಭಿಪ್ರಾಯ ಇಲ್ಲವೆಂದು.)

ಯುದ್ಧ ಮುಗಿದು ಆರು ವರ್ಷಗಳಾದ ಮೇಲೆ, 1871ರ ಮಾರ್ಚ್ 3ರಂದು ಅಮೆರಿಕದ ಕಾಂಗ್ರೆಸ್ ಒಂದು ಕಾನೂನು ಮಾಡಿತು. ದಕ್ಷಿಣದಲ್ಲಿದ್ದೂ ಉತ್ತರದ ಸರಕಾರಕ್ಕೆ ನಿಷ್ಠರಾಗಿದ್ದವರ ಸಾಮಾನನ್ನು ಸೈನ್ಯ ತನ್ನ ಬಳಕೆಗೆ ತೆಗೆದುಕೊಂಡಿದ್ದರೆ ಅವರಿಗೆ ಬೆಲೆ ಕೊಡಬೇಕು. ಇದನ್ನು ವಿಚಾರಿಸಲು ಮೂವರು ಕಮಿಷನರುಗಳನ್ನು ಅಧ್ಯಕ್ಷ ಗ್ರಾಂಟ್ ನೇಮಿಸಿದರು. ಸದರ್ನ್ ಕ್ಲೇಮ್ಸ್ ಕಮಿಷನ್ ಎಂಬುದು ಅದರ ಪ್ರಸಿದ್ಧ ಹೆಸರು. ಅರ್ಜಿ ಹಾಕಲು ಎರಡು ವರ್ಷ ಅವಕಾಶ. ಬಂದ ಅರ್ಜಿಗಳು 22,298. ಕೇಳಿದ ಒಟ್ಟು ಮೊತ್ತ 6 ಕೋಟಿ ಡಾಲರಿಗೂ ಸ್ವಲ್ಪ ಹೆಚ್ಚು. 1880ರಲ್ಲಿ ಕೆಲಸ ಮುಗಿಸುವಾಗ ಮಂಜೂರಾದದ್ದು 46 ಲಕ್ಷ ಡಾಲರ್ ಚಿಲ್ಲರೆ. ಮೂರು ಅರ್ಜಿಗಳಲ್ಲಿ ಎರಡಕ್ಕೆ ಏನೂ ಸಿಗಲಿಲ್ಲ.

ಹೀಗೆ ನೋಡಿದರೆ ಅದೊಂದು ಸೋತ ಯೋಜನೆ. ನಾನು ಹೇಳಹೊರಟದ್ದು ದುಡ್ಡಿನ ಬಗ್ಗೆ ಅಲ್ಲ, ದುಡ್ಡು ಕೊಡದಿರಲು ಅವರು ಕೇಳಿದ ಪ್ರಶ್ನೆಗಳ ಬಗ್ಗೆ. ಪ್ರತಿಯೊಂದು ಸಾಕ್ಷಿಗೂ ಕೇಳಲು ಅಚ್ಚು ಹಾಕಿದ ಪ್ರಶ್ನಾವಳಿ ಇತ್ತು. ಕೊನೆಕೊನೆಗೆ ಅದು ಎಂಬತ್ತು ಪ್ರಶ್ನೆಗಳಷ್ಟು ಬೆಳೆಯಿತು. ಹುಟ್ಟಿದ್ದು ಎಲ್ಲಿ, ವಯಸ್ಸೆಷ್ಟು, ಯುದ್ಧದ ಕಾಲದಲ್ಲಿ ಎಲ್ಲಿದ್ದೆ, ಯಾವ ಸಂಬಂಧಿಕ ಯಾವ ಸೈನ್ಯದಲ್ಲಿದ್ದ. ಗುಲಾಮರಾಗಿದ್ದವರಿಗೆ ಬೇರೆ ಪ್ರಶ್ನೆಗಳು: ಯುದ್ಧ ಶುರುವಾದಾಗ ನೀನು ಗುಲಾಮನೋ ಸ್ವತಂತ್ರನೋ? ಸ್ವತಂತ್ರನಾದದ್ದು ಯಾವಾಗ? ನಿನ್ನ ಹಿಂದಿನ ಯಜಮಾನ ಯಾರು? ಈಗಲೂ ಅವನ ನೆಲದಲ್ಲೇ ಇದ್ದೀಯಾ? ಅವನಿಗೆ ಸಾಲ ಕೊಡಬೇಕಿದೆಯಾ? ಈ ಸ್ವತ್ತು ಕೊಳ್ಳಲು ನಿನಗೆ ಹಣ ಎಲ್ಲಿಂದ ಬಂತು? ನಿನ್ನನ್ನು ಬಿಟ್ಟು ಬೇರೆ ಯಾರಿಗಾದರೂ ಇದರಲ್ಲಿ ಪಾಲಿದೆಯಾ?

ಅವಮಾನದ ಪ್ರಶ್ನೆಗಳು. ಹಸು ನಿನ್ನದೇ ಹೌದಾ, ಕದ್ದದ್ದಲ್ಲವಾ ಎಂದು ಕೇಳಿದಂತೆಯೇ. ಆದರೆ ಉತ್ತರ ಹೇಳುವಾಗ ಮನುಷ್ಯ ಒಂದು ವಾಕ್ಯದಲ್ಲಿ ಹೇಳುವುದಿಲ್ಲವಲ್ಲ. ಈ ಕುದುರೆ ನನಗೆ ಅಪ್ಪನಿಂದ ಬಂತು. ಅಪ್ಪ ಇಂಥವರ ತೋಟದಲ್ಲಿದ್ದವರು. ಅವರು ಸತ್ತಾಗ ಅಣ್ಣನಿಗೆ ಹಸು ಹೋಯಿತು, ನನಗೆ ಕುದುರೆ. ನನ್ನ ಹೆಂಡತಿ ಪಕ್ಕದ ತೋಟದವಳು, ಅವಳ ತಾಯಿ ಕೊಟ್ಟ ಕೋಳಿಗಳಿಂದ ನಮ್ಮ ಸಂಸಾರ ಶುರುವಾಯಿತು. ಇಂಥ ಧಾಟಿಯ ಉತ್ತರಗಳು ಆ ಕಡತಗಳಲ್ಲಿ ಕಾಣುತ್ತವೆ. ಗುಮಾಸ್ತ ಎಲ್ಲವನ್ನೂ ಬರೆದುಕೊಂಡ. ಅವನ ಕೆಲಸ ಕುದುರೆ ಯಾರದ್ದೆಂದು ತಿಳಿಯುವುದು. 1860ರ ಗಣತಿಯಲ್ಲಿ ಬರೀ 'ಗಂಡು, 35' ಆಗಿದ್ದವನು ಇಲ್ಲಿ ಮಗ, ತಮ್ಮ, ಅಳಿಯ, ನೆರೆಯವನಾಗಿ ಎದ್ದು ಕೂತ. ಡಿಲನ್ ಪೆನ್ನಿಂಗ್‌ರಾತ್ ಎಂಬ ಇತಿಹಾಸಕಾರರು ಈ ಕಡತಗಳನ್ನು ಓದಿ 2003ರಲ್ಲಿ ಒಂದು ಪುಸ್ತಕ ಬರೆದರು. ಸ್ವತ್ತು ಮತ್ತು ಬಂಧುತ್ವ ಅವರ ಬದುಕಿನಲ್ಲಿ ಹೇಗೆ ಹೆಣೆದುಕೊಂಡಿದ್ದವು ಎಂಬುದೇ ಅದರ ವಿಷಯ.

ನಾಲ್ಕೈದು ಸಾಲು ನಮ್ಮವರ ಬಗ್ಗೆ. ಲಿಬರ್ಟಿ ಕೌಂಟಿಯ ಪಕ್ಕದ್ದು ಮ್ಯಾಕಿಂಟೋಷ್ ಕೌಂಟಿ. ಅದಕ್ಕೆ ಸೇರಿದ್ದು ಸಪೆಲೋ ಎಂಬ ದ್ವೀಪ. ಅಲ್ಲಿ ಬಿಲಾಲಿ ಮುಹಮ್ಮದ್ ಎಂಬ ಪಶ್ಚಿಮ ಆಫ್ರಿಕಾದ ಮುಸ್ಲಿಮರೊಬ್ಬರು ಗುಲಾಮರಾಗಿದ್ದು, ಇಡೀ ತೋಟದ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದರು. ಅವರು ಅರಬಿ ಲಿಪಿಯಲ್ಲಿ ಬರೆದ 13 ಪುಟಗಳ ಒಂದು ಹಸ್ತಪ್ರತಿ ಇಂದೂ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿದೆ. ಬಹಳ ಕಾಲ ಜನರು ಅದನ್ನು ಅವರ ದಿನಚರಿ ಎಂದೇ ತಿಳಿದಿದ್ದರು. ಓದಬಲ್ಲವರು ಓದಿದಾಗ ಅದರಲ್ಲಿ ಸಿಕ್ಕಿದ್ದು ವುಝೂ, ನಮಾಝುಗಳ ವಿಧಿಗಳು. ಇಬ್ನು ಅಬೀ ಝೈದ್ ಅಲ್ ಖೈರವಾನಿಯವರ ರಿಸಾಲಾದಿಂದ ನೆನಪಿನಲ್ಲಿ ಉಳಿದಷ್ಟು. ನಮ್ಮ ಕಡೆ ದರ್ಸಿನಲ್ಲಿ ಫತ್‌ಹುಲ್ ಮುಈನ್ ಓದಿಸುವ ಹಾಗೆ ಪಶ್ಚಿಮ ಆಫ್ರಿಕಾದಲ್ಲಿ ರಿಸಾಲಾ ಓದಿಸುತ್ತಾರೆ. ಹಡಗಿನ ತಳದಲ್ಲಿ ಕೂಡಿಹಾಕಿ ತಂದ ಮನುಷ್ಯನ ಬಳಿ ಬೇರೆ ಏನೂ ಉಳಿದಿರಲಿಲ್ಲ, ಹುಡುಗನಾಗಿದ್ದಾಗ ಬಾಯಿಪಾಠ ಮಾಡಿದ ಕಿತಾಬು ಉಳಿದಿತ್ತು. ಇದನ್ನು ಮೊದಲ ಸಲ ಓದಿದ ರಾತ್ರಿ ನಾನು ನನ್ನ ಹಳೆಯ ಕಿತಾಬುಗಳ ಪೆಟ್ಟಿಗೆ ತೆರೆದು ಕೂತಿದ್ದೆ.

ಹುಡುಕುವವರ ಅನುಭವಕ್ಕೆ ಮರಳುತ್ತೇನೆ. ಈ ಕಮಿಷನಿನ ಕಾಗದಗಳು ಒಂದೇ ಕಡೆ ಇಲ್ಲ. ಮಂಜೂರಾದ ಅರ್ಜಿಗಳು ಖಜಾನೆಯ ಲೆಕ್ಕಪತ್ರಗಳೊಂದಿಗೆ ಸೇರಿದವು, ರಾಜ್ಯ ಮತ್ತು ಕೌಂಟಿಯ ಪ್ರಕಾರ ಜೋಡಿಸಿವೆ. ತಿರಸ್ಕೃತವಾದವು ಪ್ರತಿನಿಧಿ ಸಭೆಯ ದಾಖಲೆಗಳಲ್ಲಿ ಸೇರಿದವು. ಎರಡೂ ಈಗ ಅಮೆರಿಕದ ರಾಷ್ಟ್ರೀಯ ಪತ್ರಾಗಾರದ ವಶದಲ್ಲಿವೆ. ಸೂಚಿಯಲ್ಲಿ ಇರುವುದು ಅರ್ಜಿದಾರರ ಹೆಸರು ಮಾತ್ರ. ಸಾಕ್ಷಿ ಹೇಳಿದವರ ಹೆಸರಿಲ್ಲ. ಆದರೆ ಎಷ್ಟೋ ಬಿಳಿಯ ಜಮೀನುದಾರರು ಪರಿಹಾರ ಕೇಳಿದಾಗ ಅವರ ಪರವಾಗಿ, ಕೆಲವೊಮ್ಮೆ ವಿರುದ್ಧವಾಗಿ, ಸಾಕ್ಷಿ ನುಡಿದವರು ಅವರ ಗುಲಾಮರಾಗಿದ್ದವರೇ. ಹಾಗಾಗಿ ಅನುಭವಿಗಳು ತಮ್ಮ ಅಜ್ಜನ ಹೆಸರಿನಲ್ಲಿ ಕಡತ ಇಲ್ಲವೆಂದು ಹಿಂದಿರುಗುವುದಿಲ್ಲ. 1870ರ ಗಣತಿಯಲ್ಲಿ ಅಜ್ಜನ ಆಚೀಚೆ ಮನೆಯವರು ಯಾರು, ಆ ಪ್ರದೇಶದಲ್ಲಿ ಜಮೀನು ಯಾರದ್ದಿತ್ತು ಎಂದು ನೋಡಿ ಅವರೆಲ್ಲರ ಕಡತಗಳನ್ನೂ ತೆರೆಯುತ್ತಾರೆ. ತನ್ನ ಅಜ್ಜನನ್ನು ಹುಡುಕಲು ಬೇರೆಯವರ ಅಜ್ಜನ ಕಾಗದ ಓದಬೇಕು.

ಓದಿದ್ದನ್ನೆಲ್ಲ ನಂಬಬೇಕೇ? ಹಣ ಕೇಳುವವನ ಮಾತು ಅದು. ಪುರಾವೆಯ ಹೊಣೆ ಹಕ್ಕು ಕೇಳುವವನ ಮೇಲೆ ಎಂದು ಪ್ರವಾದಿ(ಸ)ಯವರು ಕಲಿಸಿದ್ದನ್ನು ಮದ್ರಸದಲ್ಲಿ ಓದಿದ ನಮಗೆ ಈ ಸಂಶಯ ಸಹಜ. ಆರು ಹಸು ಇದ್ದವನು ಎಂಟು ಎಂದಿರಬಹುದು. ಯುದ್ಧಕಾಲದಲ್ಲಿ ಹೆದರಿ ಬಾಯಿ ಮುಚ್ಚಿ ಕೂತವನು ತಾನು ಮೊದಲಿನಿಂದಲೂ ಲಿಂಕನ್ನರ ಪಕ್ಷ ಎಂದಿರಬಹುದು. ಆದರೆ ಹದೀಸ್ ವಿದ್ವಾಂಸರು ನಮಗೆ ಇನ್ನೊಂದನ್ನೂ ಕಲಿಸಿದ್ದಾರೆ. ಹೇಳುವವನು ಯಾರು, ಈ ಮಾತಿನಿಂದ ಅವನಿಗೇನು ಲಾಭ, ಅವನು ಯಾರಿಂದ ಕೇಳಿದ, ಆಗ ಅವನು ಅಲ್ಲಿದ್ದನೇ ಎಂದು ನೋಡಬೇಕು. ಹಸುಗಳ ಲೆಕ್ಕದಲ್ಲಿ ಸಂಶಯಪಡಬಹುದು. ಮಾತಿನ ನಡುವೆ ಬಂದುಹೋದ ಅಕ್ಕನ ಹೆಸರಿನಲ್ಲಿ ಸುಳ್ಳು ಹೇಳಿ ಅವನಿಗೆ ಒಂದು ಕಾಸೂ ಸಿಗುವುದಿಲ್ಲ. ವಂಶ ಹುಡುಕುವವನಿಗೆ ಬೇಕಾದದ್ದು ಆ ಅಕ್ಕನ ಹೆಸರೇ.

ಇನ್ನು ಸೈನ್ಯದ ಕಾಗದಗಳು. 1863ರ ಮೇ 22ರಂದು ಯುದ್ಧ ಇಲಾಖೆಯು ಕರಿಯ ಸೈನಿಕರಿಗೆಂದೇ ಒಂದು ವಿಭಾಗ ತೆರೆಯಿತು. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 1,79,000 ಕರಿಯರು ಭೂಸೇನೆಯಲ್ಲೂ 19,000ದಷ್ಟು ಮಂದಿ ನೌಕಾಪಡೆಯಲ್ಲೂ ದುಡಿದಿದ್ದರು. ಸೇರುವಾಗ ಬರೆದ ಚೀಟಿಯಲ್ಲಿ ಹೆಸರು, ವಯಸ್ಸು, ಎತ್ತರ, ಮೈಬಣ್ಣ, ಹುಟ್ಟಿದ ಊರು, ಕಸುಬು. ಆಮೇಲೆ ತಿಂಗಳು ತಿಂಗಳ ಹಾಜರಿ. ಅನೇಕರ ಪಾಲಿಗೆ ತಮ್ಮ ಹೆಸರು, ಅಡ್ಡಹೆಸರು ಎರಡೂ ಸೇರಿ ಬರೆಯಲ್ಪಟ್ಟ ಮೊದಲ ಕಾಗದ ಅದೇ. ವಾಷಿಂಗ್ಟನ್ನಿನಲ್ಲಿ 1998ರಲ್ಲಿ ಇವರಿಗೆ ಸ್ಮಾರಕ ಕಟ್ಟಿ ಗೋಡೆಯ ಮೇಲೆ 2,09,145 ಹೆಸರುಗಳನ್ನು ಕೆತ್ತಿದ್ದಾರೆ.

ಈ ಕಡತಗಳಲ್ಲಿ ಕೆಲವನ್ನು ತೆರೆದರೆ ಒಂದು ಕಹಿ ಕಾಗದ ಸಿಗುತ್ತದೆ. ಮೇರಿಲ್ಯಾಂಡ್, ಮಿಸೌರಿಯಂಥ ಗಡಿರಾಜ್ಯಗಳು ದಂಗೆಯೆದ್ದಿರಲಿಲ್ಲ. ಅಲ್ಲಿ ಗುಲಾಮಗಿರಿ ಇನ್ನೂ ಕಾನೂನುಬದ್ಧ. ಅಲ್ಲಿನ ಗುಲಾಮ ಸೈನ್ಯಕ್ಕೆ ಸೇರಿದರೆ, ನಿಷ್ಠನಾದ ಯಜಮಾನ 300 ಡಾಲರುಗಳವರೆಗೆ ಪರಿಹಾರ ಕೇಳಬಹುದಿತ್ತು. ಅದಕ್ಕಾಗಿ ಅವನು ತನ್ನ ಮಾಲಕತ್ವವನ್ನು ರುಜುಪಡಿಸಬೇಕು: ಯಾರಿಂದ ಕೊಂಡೆ, ಯಾವಾಗ ಕೊಂಡೆ, ಅಥವಾ ನಮ್ಮ ಮನೆಯಲ್ಲೇ ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ ಎಂದು. ದೇಶಕ್ಕಾಗಿ ಗುಂಡು ತಿಂದವನ ಕಡತದೊಳಗೆ ಅವನನ್ನು ಸಾಮಾನೆಂದು ಕರೆದ ಯಜಮಾನನ ಅರ್ಜಿ! ರಾಜಧಾನಿ ವಾಷಿಂಗ್ಟನ್ನಿನಲ್ಲಿಯೂ 1862ರ ಏಪ್ರಿಲ್ 16ರ ಕಾನೂನಿನಂತೆ ಗುಲಾಮರನ್ನು ಬಿಡುಗಡೆ ಮಾಡಿದಾಗ ಪರಿಹಾರ ಸಿಕ್ಕಿದ್ದು ಯಜಮಾನರಿಗೆ, ಗುಲಾಮರಿಗಲ್ಲ. ಇದಕ್ಕಿಂತ ದೊಡ್ಡ ಝುಲ್ಮ್ ಲೆಕ್ಕಪುಸ್ತಕದಲ್ಲಿ ಬರೆಯಲು ಸಾಧ್ಯವಿಲ್ಲ. ಆದರೂ ಆ ಯಜಮಾನ ದುಡ್ಡಿನಾಸೆಗೆ ಬರೆದ ತಾಯಿಯ ಹೆಸರೇ ಇಂದು ಮೊಮ್ಮಕ್ಕಳಿಗೆ ಗೋಡೆಯ ಆಚೆಯ ದಾರಿ. ಅಲ್ಲಾಹನ ಯೋಜನೆಯ ಮುಂದೆ ಮನುಷ್ಯನ ಯೋಜನೆ ಎಷ್ಟರದ್ದು ಎಂದು ಇಲ್ಲಿ ಹೇಳದೆ ಇರಲಾರೆ.

ಪಿಂಚಣಿಯ ಕಡತಗಳು ಇವೆಲ್ಲಕ್ಕಿಂತ ದಪ್ಪ. 1862ರ ಕಾನೂನಿನಂತೆ ಸತ್ತ ಸಾಮಾನ್ಯ ಸೈನಿಕನ ವಿಧವೆಗೆ ತಿಂಗಳಿಗೆ 8 ಡಾಲರ್. ಆದರೆ ಕರಿಯ ಸೈನಿಕನ ವಿಧವೆ? ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆಯೇ ಇರಲಿಲ್ಲ. 1864ರ ಏಪ್ರಿಲ್ 12ರಂದು ಫೋರ್ಟ್ ಪಿಲ್ಲೋ ಎಂಬಲ್ಲಿ ಶರಣಾಗುತ್ತಿದ್ದ ಕರಿಯ ಸೈನಿಕರನ್ನು ದಕ್ಷಿಣದವರು ಕೊಂದುಹಾಕಿದರು. ಅಂದು ಆ ಕೋಟೆಯ ಬಿಳಿಯ ಮೇಜರ್ ಬೂತ್ ಕೂಡ ಸತ್ತರು. ಅವರ ವಿಧವೆ ಲಿಂಕನ್ನರನ್ನು ಕಂಡು, ತನ್ನ ಗಂಡನ ಕೈಕೆಳಗೆ ಸತ್ತ ಕರಿಯ ಸೈನಿಕರ ಹೆಂಡತಿ ಮಕ್ಕಳಿಗೂ ತನ್ನಂತೆಯೇ ಹಕ್ಕು ಬೇಕೆಂದು ಕೇಳಿದರು. ಲಿಂಕನ್ ಅವರನ್ನು ಒಂದು ಪತ್ರದೊಂದಿಗೆ ಸೆನೆಟರ್ ಸಮ್ನರ್ ಬಳಿಗೆ ಕಳುಹಿಸಿದರು. ಅದೇ ವರ್ಷದ ಜುಲೈಯಲ್ಲಿ ಕಾಂಗ್ರೆಸ್ ಒಪ್ಪಿತು: ಗಂಡ ಹೆಂಡತಿಯಾಗಿ ಬಾಳಿದ್ದನ್ನು ನಂಬತಕ್ಕ ಸಾಕ್ಷಿಗಳು ಪ್ರಮಾಣ ಮಾಡಿ ಹೇಳಿದರೆ ಸಾಕು, ಕಾಗದ ಬೇಡ. ತನ್ನ ದುಃಖದ ಹೊತ್ತಿನಲ್ಲಿ ಇನ್ನೊಬ್ಬರ ಹಕ್ಕಿಗಾಗಿ ಬಾಗಿಲು ಬಡಿದ ಆ ಹೆಣ್ಣುಮಗಳ ಹೆಸರನ್ನು ಎಷ್ಟು ಪಠ್ಯಪುಸ್ತಕಗಳು ಹೇಳುತ್ತವೆ?

ಹೀಗೆ ಸಾಕ್ಷಿಗಳು ಬಂದರು. ಅವರ ಮದುವೆಯ ದಿನ ಅಡುಗೆ ಮಾಡಿದವಳು ಬಂದಳು. ಹೆರಿಗೆ ಮಾಡಿಸಿದ ಸೂಲಗಿತ್ತಿ ಬಂದು ಮಗು ಯಾವ ಬೆಳೆಯ ಕಾಲದಲ್ಲಿ ಹುಟ್ಟಿತೆಂದು ಹೇಳಿದಳು. ಜೊತೆಯಲ್ಲಿ ಸೈನ್ಯಕ್ಕೆ ಸೇರಿದವನು ಅವನು ಎಲ್ಲಿ ಗಾಯಗೊಂಡ, ಯಾವ ಜ್ವರದಲ್ಲಿ ಸತ್ತ ಎಂದು ಹೇಳಿದ. ಕೆಲವೊಮ್ಮೆ ಹಿಂದಿನ ಯಜಮಾನನ ಮನೆಯವರೇ ಹಳೆಯ ಪುಸ್ತಕ ತಂದು ಜನನದ ದಿನಾಂಕ ತೋರಿಸಿದರು. ಹೆಸರಿನ ತೊಡಕೂ ಇಲ್ಲೇ ಬಿಡಿಸಿಕೊಳ್ಳುತ್ತದೆ. ಎಷ್ಟೋ ಜನ ಸೈನ್ಯಕ್ಕೆ ಸೇರುವಾಗ ಯಜಮಾನನ ಅಡ್ಡಹೆಸರು ಬರೆಸಿ, ಬಿಡುಗಡೆಯಾದ ಮೇಲೆ ಅದನ್ನು ಕಿತ್ತೆಸೆದು ತಂದೆಯ ಹೆಸರನ್ನು ಇಟ್ಟುಕೊಂಡಿದ್ದರು. ಇಬ್ಬರೂ ಒಬ್ಬನೇ ಎಂದು ತೋರಿಸಲು ವಿವರಣೆ ಕೊಡಲೇಬೇಕು, ಆ ವಿವರಣೆಯಲ್ಲಿ ತಂದೆ ಯಾರ ತೋಟದವನು, ತಾಯಿಯನ್ನು ಎಲ್ಲಿಗೆ ಮಾರಿದರು ಎಂಬುದೂ ಬಂದುಬಿಡುತ್ತದೆ.

ಪಿಂಚಣಿ ಇಲಾಖೆಯ ವಿಶೇಷ ತನಿಖಾಧಿಕಾರಿಗಳು ಮಾತ್ರ ಯಾವ ಮನೆಯ ಬಾಗಿಲನ್ನೂ ಬಿಟ್ಟವರಲ್ಲ. ವಿಧವೆ ಬೇರೆ ಗಂಡಸಿನೊಂದಿಗೆ ಇದ್ದಾಳೆಂದು ಕಂಡರೆ ಪಿಂಚಣಿ ನಿಲ್ಲಿಸಬಹುದು ಎಂದು 1882ರಲ್ಲಿ ಕಾನೂನು ಬಂದ ಮೇಲೆ ನೆರೆಹೊರೆಯವರನ್ನು ಕರೆದು ಅವಳ ನಡತೆ ಹೇಗೆ ಎಂದು ಕೇಳಿ ಬರೆದುಕೊಂಡರು. ಇನ್ನೊಬ್ಬರ ಮನೆಯ ಗುಟ್ಟನ್ನು ಇಣುಕುವುದನ್ನು ಇಸ್ಲಾಮ್ ಕಟ್ಟುನಿಟ್ಟಾಗಿ ತಡೆದಿದೆ. ಇಂದು ಆ ಕಡತ ತೆರೆಯುವ ಮರಿಮಗಳು ಅಜ್ಜಿಯ ಬಗ್ಗೆ ಯಾರೋ ಹೊಟ್ಟೆಕಿಚ್ಚಿನವರು ಹೇಳಿದ್ದನ್ನೂ ಓದಬೇಕಾಗುತ್ತದೆ. ಹುಡುಕಲು ಹೊರಟವರು ಇದಕ್ಕೆ ಸಿದ್ಧರಾಗಿರಬೇಕು. ಸಿಗುವುದೆಲ್ಲ ಹೆಮ್ಮೆಪಡುವಂಥದ್ದೇ ಆಗಿರುವುದಿಲ್ಲ.

ಆ ಮಾತಿಗೆ ನಮ್ಮ ಕಡೆಯಿಂದಲೂ ಒಂದು ಉದಾಹರಣೆ ಇದೆ. ಮಸಾಚುಸೆಟ್ಸಿನ 55ನೇ ಕರಿಯ ಪದಾತಿದಳದ ದಾಖಲೆಯಲ್ಲಿ ನಿಕೋಲಸ್ ಸಈದ್ ಎಂಬ ಹೆಸರಿದೆ. ಆತ ಮಧ್ಯ ಆಫ್ರಿಕಾದ ಬೋರ್ನು ರಾಜ್ಯದ ಸೇನಾಪತಿಯೊಬ್ಬರ ಮಗ, ಮುಹಮ್ಮದ್ ಅಲಿ ಇಬ್ನ್ ಸಈದ್. ಹುಡುಗನಾಗಿದ್ದಾಗ ತುವಾರೆಗರು ಹಿಡಿದು ಮಾರಿದರು. ಟ್ರಿಪೋಲಿ, ಮಕ್ಕಾ, ತುರ್ಕಿ ದಾಟಿ ರಷ್ಯಾದ ರಾಜಕುಮಾರರ ಮನೆಗೆ ಹೋದ. ಅಲ್ಲಿ ಕ್ರೈಸ್ತನಾಗಿ ನಿಕೋಲಸ್ ಎನಿಸಿಕೊಂಡ. ಯುರೋಪ್ ಸುತ್ತಿ ಅಮೆರಿಕಕ್ಕೆ ಬಂದು ಡೆಟ್ರಾಯಿಟಿನಲ್ಲಿ ಪಾಠ ಹೇಳಿ, 1863ರಲ್ಲಿ ಸೈನ್ಯ ಸೇರಿ ಸಾರ್ಜೆಂಟ್ ಆದ. ಆಮೇಲೆ ಆಸ್ಪತ್ರೆಯ ಕೆಲಸ ಕಲಿಯಬೇಕೆಂದು ತಾನಾಗಿಯೇ ಕೇಳಿಕೊಂಡು ಕೆಳಗಿನ ಹುದ್ದೆಗೆ ಇಳಿದ. ತನ್ನ ಕತೆಯನ್ನು 1867ರಲ್ಲಿ ಅಟ್ಲಾಂಟಿಕ್ ಮಂತ್ಲಿ ಪತ್ರಿಕೆಯಲ್ಲಿ ಬರೆದ. ನಮ್ಮವನೆಂದು ಹೆಮ್ಮೆಪಡಲು ಹೊರಟರೆ ಎರಡು ಕಡೆ ತಡವರಿಸುತ್ತೇವೆ: ಅವನು ದೀನ್ ಬಿಟ್ಟವನು, ಅವನನ್ನು ಮೊದಲು ಹಿಡಿದು ಮಾರಿದವರು ಕಲಿಮಾ ಹೇಳುವವರು. ಸ್ವಂತಕ್ಕೆ, ತಂದೆತಾಯಿಗೆ ವಿರುದ್ಧವಾದರೂ ನ್ಯಾಯದ ಸಾಕ್ಷಿ ನಿಲ್ಲಿ ಎಂದು ಸೂರಃ ಅನ್ನಿಸಾದಲ್ಲಿ ಆಜ್ಞೆಯಿದೆ. ಅದಕ್ಕಾಗಿ ಎರಡನ್ನೂ ಬರೆದಿದ್ದೇನೆ.

ಸೈನಿಕರ ಸಂಬಳ ಉಳಿಸಲೆಂದು 1865ರಲ್ಲಿ ಶುರುವಾದ ಫ್ರೀಡ್‌ಮನ್ಸ್ ಬ್ಯಾಂಕಿನ ಬಗ್ಗೆ ಎರಡು ಮಾತು ಹೇಳಿ ಬಿಡುತ್ತೇನೆ. ಬಡ್ಡಿಯ ಸಂಸ್ಥೆ, 1874ರಲ್ಲಿ ಮುಳುಗಿ ಹತ್ತಾರು ಸಾವಿರ ಬಡವರ ಉಳಿತಾಯವನ್ನೂ ಮುಳುಗಿಸಿತು. ಸಹಿ ಹಾಕಲು ಬಾರದ ಖಾತೆದಾರರನ್ನು ಗುರುತಿಸಲೆಂದು ಅದರ ಗುಮಾಸ್ತರು ತಂದೆ, ತಾಯಿ, ಹೆಂಡತಿ, ಮಕ್ಕಳು, ಅಣ್ಣತಮ್ಮಂದಿರು, ಇದ್ದ ರೆಜಿಮೆಂಟು ಎಲ್ಲವನ್ನೂ ಕೇಳಿ ಬರೆದಿದ್ದರು. ಹಣ ಹೋಯಿತು, ಪುಸ್ತಕ ಉಳಿಯಿತು. ಆ ಪುಸ್ತಕಗಳಿಂದ 4,80,000ದಷ್ಟು ಹೆಸರುಗಳನ್ನು ಆರಿಸಿ ಸೂಚಿ ಮಾಡಿದವರು ಯೂಟಾ ರಾಜ್ಯದ ಜೈಲಿನ ಕೈದಿಗಳು. ಹನ್ನೊಂದು ವರ್ಷ ಕೂತು ಮಾಡಿ 2001ರಲ್ಲಿ ಮುಗಿಸಿದರು. ಸ್ವಾತಂತ್ರ್ಯ ಕಳೆದುಕೊಂಡವರು ಸ್ವಾತಂತ್ರ್ಯ ಪಡೆದವರ ಕುಟುಂಬಗಳನ್ನು ಒಂದುಗೂಡಿಸಿದರು.

ಬಂಧುತ್ವ ಬೆಸೆಯಲು ಬೇಕಾದಷ್ಟು ನಿಮ್ಮ ವಂಶವನ್ನು ತಿಳಿದುಕೊಳ್ಳಿ ಎಂಬ ಅರ್ಥದ ಹದೀಸೊಂದು ತಿರ್ಮಿದಿಯಲ್ಲಿದೆ. ನಮ್ಮಲ್ಲಿ ವಂಶದ ಮಾತು ಬಂದರೆ ಹೆಚ್ಚಾಗಿ ನಾವು ಇಂಥ ದೊಡ್ಡವರ ಸಂತತಿ ಎನ್ನುವುದಕ್ಕೆ ಬಳಕೆಯಾಗುತ್ತದೆ. ಅಮೆರಿಕದ ಆ ಮೊಮ್ಮಕ್ಕಳು ಹುಡುಕಿದ್ದು ದೊಡ್ಡವರನ್ನಲ್ಲ. ಮಾರಾಟದಲ್ಲಿ ಬೇರೆಯಾದ ಇಬ್ಬರು ಅಕ್ಕತಂಗಿಯರ ಮಕ್ಕಳು ಈಗ ಎಲ್ಲಿದ್ದಾರೆ ಎಂದು ಹುಡುಕಿದರು. ಹದೀಸಿನ ಉದ್ದೇಶಕ್ಕೆ ಯಾವುದು ಹತ್ತಿರ ಎಂದು ಓದುಗರೇ ಯೋಚಿಸಲಿ.

ನಮ್ಮ ಮಹಲ್ಲಿನ ಆ ತಾಯಿಯ ವಿಷಯ ಅರ್ಧಕ್ಕೆ ನಿಂತಿತ್ತು. ಜುಮಾದ ಮರುದಿನ ಇಬ್ಬರು ಹಿರಿಯರು ತಾವಾಗಿಯೇ ಆಫೀಸಿಗೆ ಬಂದರು. ಒಬ್ಬರು ಆ ನಿಕಾಹಿನ ದಿನ ವರನ ಜೊತೆ ದಿಬ್ಬಣದಲ್ಲಿ ಬಂದವರು, ಇನ್ನೊಬ್ಬರು ವಧುವಿನ ನೆರೆಮನೆಯವರು. ನೋಟರಿಯವರಿಗೆ ಕೊಡಲೆಂದು ಅವರು ಹೇಳಿದ್ದನ್ನು ಮೊದಲು ನಾನೇ ಬರೆದುಕೊಂಡೆ. ಮದುವೆಯಾದ ವರ್ಷ, ಸಾಕ್ಷಿಗಳು, ಮಹ್ರ್ ಇಷ್ಟು ಸಾಕಿತ್ತು. ಹಿರಿಯರು ನಿಲ್ಲಿಸಲಿಲ್ಲ. ಹೊಳೆ ತುಂಬಿ ದಿಬ್ಬಣ ದೋಣಿ ಕಾದು ಕೂತದ್ದು, ವಧುವಿನ ತಂದೆ ಮೊದಲೇ ತೀರಿಕೊಂಡು ದೊಡ್ಡಪ್ಪ ವಲಿಯಾದದ್ದು, ತಾಯಿಯ ಹೆಸರು, ಆಕೆಯ ತವರು ಘಟ್ಟದ ಮೇಲಿನ ಊರೆಂಬುದು, ಎಲ್ಲ ಹೇಳಿದರು. ಬೇಡದ್ದನ್ನು ಬಿಡೋಣವೆಂದು ಪೆನ್ನು ನಿಲ್ಲಿಸಿದವನು ಆಮೇಲೆ ಎಲ್ಲವನ್ನೂ ಬರೆದೆ. ನೋಟರಿಯವರು ಮೂರು ಸಾಲು ಇಟ್ಟುಕೊಂಡು ಉಳಿದದ್ದನ್ನು ಹೊಡೆದುಹಾಕಿದರು.

ಪಿಂಚಣಿಯ ಫೈಲು ಇದನ್ನು ಬರೆಯುವ ಹೊತ್ತಿಗೆ ಇನ್ನೂ ಆಫೀಸಿನಲ್ಲಿದೆ. ಹೊಡೆದುಹಾಕಿದ ಪ್ರತಿಯನ್ನು ಮೊಮ್ಮಗಳು ಕೇಳಿ ಪಡೆದು ಝೆರಾಕ್ಸ್ ಮಾಡಿಸಿಕೊಂಡಳು. ಮುತ್ತಜ್ಜಿಯ ಹೆಸರು ಅವಳಿಗೆ ಅಂದೇ ಗೊತ್ತಾದದ್ದಂತೆ.